ಕೀಲಿಕೈ ಯಾರ ಬಳಿ ಇದೆ?



ತಾವು ಕಲಿತ ಶಾಲೆಗೆ ಒಂದಿಷ್ಟು ಕಂಪ್ಯೂಟರ್ ಕೊಡಿಸಬೇಕೆಂಬ ಆಸೆಯನ್ನು ನಿಮ್ಮಲ್ಲಿ ಹಲವರು ಆಗಾಗ ನನ್ನೊಡನೆ ಹೇಳಿಕೊಳ್ಳುತ್ತೀರಿ. ಸಂತೋಷದ ಮಾತು. ಆದರೆ ಎಷ್ಟು ಕೊಡಬೇಕೆಂದು ಕೇಳುವ ಮೊದಲು, ಇರುವುದು ಹೇಗೆ ಬಳಕೆಯಾಗುತ್ತಿದೆ ಎಂದು ಕೇಳುವುದು ಲೇಸು. ಆ ಕುರಿತು ನಾಲ್ಕು ಮಾತು.

ಶಿಕ್ಷಣ ಇಲಾಖೆಯ ಆಡಳಿತದಲ್ಲಿ ನಮ್ಮ ಕಡೆಗೆ ಬೆಳಗಾವಿ ಮತ್ತು ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳು. ಬೆಳಗಾವಿ ಶೈಕ್ಷಣಿಕ ಜಿಲ್ಲೆಯ ಲೆಕ್ಕಪತ್ರದಲ್ಲಿ ನಮ್ಮ ಹಿಂದವಾಡಿಯ ಶಾಲೆಯೂ, ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಶಾಲೆಯೂ ಒಂದೊಂದು ಸಾಲು ಮಾತ್ರ. ಒಂದೆಡೆ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲಿವೆ. ಇನ್ನೊಂದೆಡೆ ಮಳೆಗಾಲ ಹಿಡಿದರೆ ಗೋಡೆಯೇ ಒದ್ದೆ, ವಿದ್ಯುತ್ತು ದಿನಗಟ್ಟಲೆ ಇಲ್ಲ. ಎರಡೂ ಕಡೆ ಹತ್ತು ಯಂತ್ರಗಳಿದ್ದರೆ ಕಾಗದದಲ್ಲಿ ಎರಡೂ ಸಮಾನ!

ಕರ್ನಾಟಕದಲ್ಲಿ ಈ ಕಥೆ ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 2001ರ ‘ಮಾಹಿತಿ ಸಿಂಧು’ ಯೋಜನೆಯಿಂದ. 1000 ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರ ಬಂದವು. 2004ರಲ್ಲಿ ಕೇಂದ್ರ ಸರಕಾರವೂ ಶಾಲೆಗಳಿಗಾಗಿ ಮಾಹಿತಿ ತಂತ್ರಜ್ಞಾನದ ಯೋಜನೆಯೊಂದನ್ನು ಹೊರಡಿಸಿತು. ಆ ಕಾಲದಲ್ಲಿ ಖಾಸಗಿ ಸಂಸ್ಥೆಯೊಂದು ಯಂತ್ರಗಳನ್ನು ಕೂರಿಸಿ, ಬೋಧಕನನ್ನು ನೇಮಿಸಿ, ಕೆಲವು ವರ್ಷ ನಡೆಸಿ, ಅನಂತರ ಎಲ್ಲವನ್ನೂ ಶಾಲೆಗೆ ಒಪ್ಪಿಸುವ ಪದ್ಧತಿ ಬಳಕೆಗೆ ಬಂತು. ಮೇಲ್ನೋಟಕ್ಕೆ ಅಚ್ಚುಕಟ್ಟು. ಆದರೆ ಯಂತ್ರ ಶಾಲೆಯದಾಗುವ ಹೊತ್ತಿಗೆ ಅದಕ್ಕೆ ವಯಸ್ಸಾಗಿರುತ್ತಿತ್ತು; ಬೋಧಕನ ಗುತ್ತಿಗೆ ಮುಗಿದಿರುತ್ತಿತ್ತು; ದುರಸ್ತಿಯ ಖರ್ಚು ಮಾತ್ರ ಹೊಸದಾಗಿ ಹುಟ್ಟುತ್ತಿತ್ತು.

ಖಾನಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಕಂಡ ಕೋಣೆ ಕಣ್ಣಿಗೆ ಕಟ್ಟಿದಂತಿದೆ. ಯಂತ್ರಗಳಿಗೆ ಬಟ್ಟೆಯ ಹೊದಿಕೆ, ಬಾಗಿಲಿಗೆ ಬೀಗ. ಒಳಗೆ ನೋಡಬಹುದೇ ಎಂದು ಕೇಳಿದರೆ ಸಿಪಾಯಿ, “ಕೀಲಿಕೈ ಹೆಡ್‌ಮಾಸ್ತರ ಕಡೆ ಐತ್ರಿ, ಅವ್ರು ಮೀಟಿಂಗಿಗೆ ಹೋಗ್ಯಾರ್ರಿ” ಎಂದ. ಮುಖ್ಯೋಪಾಧ್ಯಾಯರನ್ನು ದೂರುವಂತಿಲ್ಲ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದ ವಸ್ತು ಕಳೆದರೆ ಉತ್ತರಿಸಬೇಕಾದವರು ಅವರೇ. ಬಳಸದೆ ಕೆಟ್ಟುಹೋದರೆ ಕೇಳುವವರಿಲ್ಲ. ಬಳಸುವಾಗ ಕೆಟ್ಟರೆ ನೂರು ಪ್ರಶ್ನೆ. ಇಂಥ ಲೆಕ್ಕದಲ್ಲಿ ಬೀಗವೇ ಬುದ್ಧಿವಂತಿಕೆ. ಮಕ್ಕಳ ಪಾಲಿಗೆ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಕಂಡಿದ್ದೇನೆ. ಇನ್ನೊಂದು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದುದು ಎರಡೇ ಯಂತ್ರ. ಅಲ್ಲಿನ ಶಿಕ್ಷಕಿಯೊಬ್ಬರು ನುಡಿ ತಂತ್ರಾಂಶವನ್ನು ತಾವೇ ಕಲಿತು, ಊರಿನ ಮರಗಿಡಗಳ ಹೆಸರುಗಳನ್ನು ಮಕ್ಕಳಿಂದ ಬೆರಳಚ್ಚು ಮಾಡಿಸುತ್ತಿದ್ದರು. ಮೇಜಿನ ಮೇಲೆ ದಾರ ಕಟ್ಟಿದ ಒಂದು ನೋಟುಬುಕ್ಕು: ಯಾರು ಕುಳಿತರು, ಏನು ಮಾಡಿದರು, ಎಷ್ಟು ಹೊತ್ತು. ನಾನು ನೋಡಿದ ಮೌಲ್ಯಮಾಪನಗಳಲ್ಲೆಲ್ಲ ಪ್ರಾಮಾಣಿಕವಾದದ್ದು ಆ ಎರಡು ರೂಪಾಯಿಯ ನೋಟುಬುಕ್ಕೇ.

ಇಲಾಖೆಯೂ ಒಮ್ಮೆ ಈ ಬಗೆಯ ಪ್ರಶ್ನೆಯನ್ನು ಕೇಳಿದ್ದುಂಟು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ, ಜುಲೈಯಲ್ಲಿ ಚಂದನ ವಾಹಿನಿಯ ಪಾಠಗಳು, ಆಗಸ್ಟಿನಲ್ಲಿ ‘ವಿದ್ಯಾಗಮ’ ಆರಂಭವಾದವು. ವಿದ್ಯಾಗಮಕ್ಕಾಗಿ ಶಿಕ್ಷಕರು ಮಕ್ಕಳನ್ನು ವಿಂಗಡಿಸಿದರು: ಯಾವ ಸಾಧನವೂ ಇಲ್ಲದವರು, ಅಂತರ್ಜಾಲವಿಲ್ಲದ ಮೊಬೈಲ್ ಇರುವವರು, ಅಂತರ್ಜಾಲವೂ ಇರುವವರು. ಶಾಲೆಯ ಕಪಾಟಿನಲ್ಲಿ ಏನಿದೆ ಎನ್ನುವ ಬದಲು ಮಗುವಿನ ಕೈಯಲ್ಲಿ ಏನಿದೆ ಎಂದು ಎಣಿಸಿದ್ದು ಆಗ. ಏನೂ ಇಲ್ಲದ ಮಕ್ಕಳಿದ್ದಲ್ಲಿಗೆ ಶಿಕ್ಷಕರೇ ನಡೆದುಹೋದರು. ಗುಡಿಯ ಕಟ್ಟೆ, ಮರದ ನೆರಳು ತರಗತಿಯಾದವು. ಎಣಿಕೆ ಸರಿಯಾಗಿದ್ದರೆ ಮುಂದಿನ ಹೆಜ್ಜೆ ತಾನಾಗಿ ಕಾಣುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆಯಿದೆ. ಯಂತ್ರಗಳೆಷ್ಟು, ಸುಸ್ಥಿತಿಯಲ್ಲಿರುವವೆಷ್ಟು ಎಂದು ತುಂಬಬೇಕು. ಇದು ಮುನ್ನಡೆಯೇ ಸರಿ. ಆದರೂ ಸುಸ್ಥಿತಿ ಬೇರೆ, ಬಳಕೆ ಬೇರೆ. ಮಕ್ಕಳ ದಾಖಲಾತಿ, ಅಂಕ, ವರದಿಗಳನ್ನು ತುಂಬುವುದರಲ್ಲೇ ಯಂತ್ರವೂ ಶಿಕ್ಷಕರೂ ದಣಿದರೆ, ಅದು ಕಚೇರಿಯ ಯಂತ್ರವಾಗುತ್ತದೆಯೇ ಹೊರತು ತರಗತಿಯದಲ್ಲ.

ಆದ್ದರಿಂದ, ನೀವು ಶಾಲೆಗೆ ಹೋದಾಗ ದಯವಿಟ್ಟು ಇಷ್ಟು ಕೇಳಿ. ಕಳೆದ ವಾರ ಪ್ರತಿ ಮಗುವಿಗೆ ಎಷ್ಟು ನಿಮಿಷ ಸಿಕ್ಕಿತು? ಕೆಟ್ಟರೆ ಯಾರನ್ನು ಕರೆಯುತ್ತೀರಿ, ಹಣ ಯಾವ ಬಾಬಿನಿಂದ? ಪಾಠ ಮಗುವಿನ ಭಾಷೆಯಲ್ಲಿದೆಯೇ? ವಿದ್ಯುತ್ತು ಹೋದಾಗ ಏನು ಮಾಡುತ್ತೀರಿ? ಕೊನೆಯದಾಗಿ, ಕೀಲಿಕೈ ಯಾರ ಬಳಿ ಇದೆ? ಉತ್ತರಗಳು ದೊರೆತ ಮೇಲೆ ಐದು ಯಂತ್ರದ ಬದಲು ನಾಲ್ಕನ್ನೇ ಕೊಡಿಸಿ, ಐದನೆಯದರ ಹಣವನ್ನು ಬ್ಯಾಟರಿಗೂ ದುರಸ್ತಿಗೂ ತೆಗೆದಿಡಿ. ಕಾಣಿಕೆಯ ಫಲಕದಲ್ಲಿ ಅಂಕಿ ಒಂದು ಕಡಿಮೆಯಾದೀತು; ಮಕ್ಕಳಿಗೆ ಕಡಿಮೆಯಾಗದು.