ಯದುಗಿರಿಯ ವಿದ್ಯಾರ್ಥಿಗಳು

ಬೆಂಗಳೂರಿನಿಂದ ಹೊರಟ ಯಾತ್ರಿಕನಿಗೆ ಮದ್ದೂರಿನಲ್ಲಿ ಕೊಂಡ ವಡೆ ಮುಗಿಯುವುದರೊಳಗೆ ಮಂಡ್ಯ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಕಬ್ಬಿನ ಗದ್ದೆಗಳ ನಡುವೆ ಸುಮಾರು 35 ಕಿಲೋಮೀಟರು ಸಾಗಿದ ಮೇಲೆ ಹಸುರು ಹಿಂದುಳಿದು ಬಂಡೆಗಳು ತಲೆಯೆತ್ತುತ್ತವೆ. ಅದೇ ಯದುಗಿರಿ; ಜನರ ಬಾಯಲ್ಲಿ ಮೇಲುಕೋಟೆ. ಬಂದವರು ಚೆಲುವನಾರಾಯಣನ ದರ್ಶನ ಮಾಡಿ, ಬೆಟ್ಟವೇರಿ ಯೋಗಾನರಸಿಂಹನಿಗೆ ಕೈಮುಗಿದು, ಪುಳಿಯೋಗರೆ ಕಟ್ಟಿಸಿಕೊಂಡು ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ. ಊರಿನ ನಿಜವಾದ ದನಿಯನ್ನು ಕೇಳಬೇಕಾದರೆ ಮಾತ್ರ ಒಂದು ರಾತ್ರಿ ತಂಗಲೇಬೇಕು.

ಅದು ಓದುವ ಹುಡುಗರ ದನಿ. ಗುರುಗಳು ಒಮ್ಮೆ ಹೇಳುತ್ತಾರೆ, ಶಿಷ್ಯರು ಎರಡು ಬಾರಿ ಹೇಳುತ್ತಾರೆ. ಸ್ವರ ತಪ್ಪಿದರೆ ಮತ್ತೆ ಮೊದಲಿನಿಂದ. ವೇದಾಧ್ಯಯನದ ಈ ಕ್ರಮದಲ್ಲಿ ಪುಸ್ತಕಕ್ಕೆ ಕೆಲಸ ಕಡಿಮೆ, ಕಿವಿಯೇ ಪುಸ್ತಕ. ಪಾಡ್ಯ, ಅಷ್ಟಮಿಗಳಂದು ಅನಧ್ಯಯನ. ಪಾಡ್ಯದಂದು ಓದಿದವನ ವಿದ್ಯೆ ಸೊರಗುತ್ತದೆಂಬ ನಂಬಿಕೆ ಸುಂದರಕಾಂಡದಷ್ಟು ಹಳೆಯದು. ಭಾನುವಾರದ ರಜೆಗೆ ಇಷ್ಟು ಗಟ್ಟಿಯಾದ ಪ್ರಮಾಣ ಯಾರಲ್ಲಿಯೂ ಇಲ್ಲ!

ಇಲ್ಲಿಯ ವಿದ್ಯಾರ್ಥಿಯ ಪಾಡು ಉಳಿದ ಕಡೆಗಿಂತ ತುಸು ಹೆಚ್ಚಿನದು. ರಾಮಾನುಜರ ಸಂಪ್ರದಾಯಕ್ಕೆ ಸಂಸ್ಕೃತ ವೇದದಷ್ಟೇ ಆಳ್ವಾರರ ತಮಿಳು ಪ್ರಬಂಧವೂ ಪೂಜ್ಯ. ಉತ್ಸವದಲ್ಲಿ ಸ್ವಾಮಿಯ ಮುಂದೆ ಪ್ರಬಂಧದ ಗೋಷ್ಠಿ, ಹಿಂದೆ ವೇದದ ಗೋಷ್ಠಿ. ಆ ತಮಿಳು ಪಾಶುರಗಳನ್ನು ಹುಡುಗ ಕನ್ನಡ ಲಿಪಿಯಲ್ಲಿಯೇ ಓದಿ ಬಾಯಿಪಾಠ ಮಾಡುತ್ತಾನೆ. ಮನೆಯಲ್ಲಿ ಕನ್ನಡ ಬೆರೆತ ತಮಿಳು, ಬೀದಿಯಲ್ಲಿ ಮಂಡ್ಯದ ಅಚ್ಚ ಕನ್ನಡ, ಪಾಠದಲ್ಲಿ ಸಂಸ್ಕೃತ. ಮೂರೂ ಒಂದೇ ನಾಲಿಗೆಯ ಮೇಲೆ ಜಗಳವಿಲ್ಲದೆ ಬಾಳುತ್ತವೆ.

ಊರಿನ ಸಂಸ್ಕೃತ ಪಾಠಶಾಲೆ 1854ರಷ್ಟು ಹಿಂದಿನದು. ಈಗ ಅದು ಸರ್ಕಾರಿ ಕಾಲೇಜು. ಪ್ರಥಮಾ, ಕಾವ್ಯ, ಸಾಹಿತ್ಯಗಳನ್ನು ದಾಟಿ ವಿದ್ವತ್ತಿನ ತನಕ ಏರುವುದು ಬೆಟ್ಟದ ಮೆಟ್ಟಿಲುಗಳಿಗಿಂತ ಕಷ್ಟ. ಹಿಂದೆ ಬಡ ವಿದ್ಯಾರ್ಥಿಗಳಿಗೆ ನಾಡಿನೆಲ್ಲೆಡೆ ವಾರಾನ್ನವೇ ಗತಿಯಾಗಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಯಾವ ಮನೆಯಾಕೆ ಕೇಳದೆಯೇ ಬಡಿಸುತ್ತಾಳೆ, ಯಾವಾಕೆ ಕೇಳಿದರೂ ಬಡಿಸುವುದಿಲ್ಲವೆಂಬುದು ಆ ಹುಡುಗರು ಕಲಿತ ಮೊದಲ ಶಾಸ್ತ್ರವಾಗಿದ್ದಿರಬೇಕು. ಸರ್ಕಾರಿ ಕಾಲೇಜಿನಲ್ಲಿ ಕುಲಗೋತ್ರ ಕೇಳುವಂತಿಲ್ಲ. ಗೋಷ್ಠಿಯ ಮಾತು ಬೇರೆ. ಅಲ್ಲಿ ಕಂಠದ ಜೊತೆಗೆ ಹುಟ್ಟೂ ಎಣಿಕೆಗೆ ಬರುತ್ತದೆ. ಇದನ್ನು ಮರೆಮಾಚಿ ಊರನ್ನು ಹೊಗಳುವುದು ಸರಿಯಲ್ಲ.

ಫಾಲ್ಗುಣದಲ್ಲಿ ವೈರಮುಡಿ. ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸರ ಕಾವಲಿನಲ್ಲಿ ಕಿರೀಟ ಬರುತ್ತದೆ. ದಾರಿಯ ಹಳ್ಳಿಗಳಲ್ಲೆಲ್ಲ ಅದಕ್ಕೆ ಪೂಜೆ. ರಾತ್ರಿ ಸ್ವಾಮಿ ಅದನ್ನು ಧರಿಸಿ ಬೀದಿಗೆ ಬಂದಾಗ ಊರಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಶಾಲೆಯ ಮಕ್ಕಳಿಗೆ ಪರೀಕ್ಷೆಯೂ ಬಹುಮಟ್ಟಿಗೆ ಅದೇ ದಿನಗಳಲ್ಲಿ. ನಿದ್ದೆಗೆಟ್ಟ ಕಣ್ಣುಗಳಿಂದ ಲೆಕ್ಕ ಬಿಡಿಸುವ ಸಂಕಟ ಆ ಮಕ್ಕಳಿಗೇ ಗೊತ್ತು.

ಓದು ಮುಗಿದ ಮೇಲೆ? ಊರು ಎಲ್ಲರಿಗೂ ಅನ್ನ ಕೊಡಲಾರದು. 1905ರಲ್ಲಿ ಇಲ್ಲಿ ಹುಟ್ಟಿದ ಕವಿ ಪು.ತಿ.ನ. ಅವರೂ ಹೊಟ್ಟೆಪಾಡಿಗೆ ಸರ್ಕಾರಿ ಕಚೇರಿಯನ್ನು ಸೇರಬೇಕಾಯಿತು. ಇಂದಿನ ವಿದ್ವಾಂಸರಿಗೆ ಬೆಂಗಳೂರಿನ ಶಾಲೆಗಳಿವೆ, ಬಡಾವಣೆಗಳ ದೇವಸ್ಥಾನಗಳಿವೆ; ಕೆಲವರಿಗೆ ಕಡಲಾಚೆಯ ದೇವಾಲಯಗಳೂ ಇವೆ. ಕಲಿತವನು ಹೋಗಲೇಬೇಕು, ಅವನು ಹೋದರೆ ಗೋಷ್ಠಿಯ ಸಾಲು ಕಿರಿದಾಗುತ್ತದೆ. ಊರಿನಲ್ಲಿ ಉಳಿದ ಹಿರಿಯರಿಗೆ ಇದು ತಿಳಿಯದ ಸಂಗತಿಯಲ್ಲ. ಮಗನನ್ನು ಹೋಗಬೇಡವೆನ್ನಲು ಯಾವ ತಂದೆಗೆ ತಾನೆ ಬಾಯಿ ಬಂದೀತು?

ಹೋದವರಲ್ಲಿ ಕೆಲವರು ವೈರಮುಡಿಗೆ ರಜೆ ಹಾಕಿ ಬರುತ್ತಾರೆ. ಪಂಚೆಯುಟ್ಟು, ತಿರುಮಣ್ ಇಟ್ಟುಕೊಂಡು ಸಾಲಿನ ತಮ್ಮ ಹಳೆಯ ಸ್ಥಳದಲ್ಲಿ ನಿಲ್ಲುತ್ತಾರೆ. ಪಕ್ಕದ ಹುಡುಗ ಒಂದು ಪದ ಮರೆತು ತಡವರಿಸಿದರೆ, ಅವನತ್ತ ತಿರುಗಿಯೂ ನೋಡದೆ ಆ ಪದವನ್ನು ಎತ್ತಿಕೊಟ್ಟು ಮುಂದೆ ನಡೆಯುತ್ತಾರೆ.