ಬಿಯರ್ ಕಾರ್ಖಾನೆಯ ಸಂಖ್ಯಾಶಾಸ್ತ್ರ

ಬಿ.ಕಾಂ., ಎಂಬಿಎ ಓದೋರಿಗೆ ಸಂಖ್ಯಾಶಾಸ್ತ್ರ ಅಂದರೆ ಪುಸ್ತಕದ ಕೊನೆಯ ಕೋಷ್ಟಕಗಳು. ಅದರಲ್ಲಿ ಟಿ-ಕೋಷ್ಟಕದ ಮೂಲ ಇರೋದು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಅಂತ ಮೇಷ್ಟ್ರು ಮೊದಲೇ ಹೇಳಿದ್ದರೆ ಹಿಂದಿನ ಬೆಂಚಿನವರೂ ಕಿವಿ ನಿಮಿರಿಸುತ್ತಿದ್ದರು!

ವಿಲಿಯಂ ಗಾಸೆಟ್ ಅಲ್ಲಿನ ನೌಕರ. ಯಾವ ಬಾರ್ಲಿ ಒಳ್ಳೇದು ಅಂತ ತೀರ್ಮಾನಿಸಬೇಕು, ಕೈಯಲ್ಲಿರೋದು ಬೆರಳೆಣಿಕೆಯ ಮಾದರಿ. ಅಷ್ಟರ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬೋದು? 1908ರಲ್ಲಿ ಉತ್ತರ ಪ್ರಕಟಿಸಿದ, ‘ಸ್ಟೂಡೆಂಟ್’ ಅನ್ನೋ ಗುಪ್ತನಾಮದಲ್ಲಿ. ಸ್ವಂತ ಹೆಸರಲ್ಲಿ ಬರೆಯೋಕೆ ಕಂಪನಿ ಬಿಡುತ್ತಿರಲಿಲ್ಲ.

ಹೊಸ ಅಂಗಡಿಯೊಂದರ ಐದು ದಿನದ ವ್ಯಾಪಾರದ ಸರಾಸರಿ 10,000 ರೂಪಾಯಿ, ಮಾನಕ ವಿಚಲನೆ 2,000 ಅಂದುಕೊಳ್ಳಿ. ದೊಡ್ಡ ಮಾದರಿಗೆ ಅಂತ ಬಾಯಿಪಾಠವಾಗಿರೋ 1.96 ಇಲ್ಲಿ ನಡೆಯಲ್ಲ. ಐದೇ ಮಾದರಿಗೆ ಟಿ-ಕೋಷ್ಟಕದಲ್ಲಿರೋ 2.776 ಹಾಕಬೇಕು. ಆಗ ಶೇ. 95ರ ಅಂದಾಜು ಸುಮಾರು ಏಳೂವರೆ ಸಾವಿರದಿಂದ ಹನ್ನೆರಡೂವರೆ ಸಾವಿರದವರೆಗೆ ಹರಡಿಕೊಳ್ಳುತ್ತೆ. (ಆ ಐದರಲ್ಲಿ ಭಾನುವಾರ ಇತ್ತಾ ಅನ್ನೋದು ಬೇರೆ ತಕರಾರು.)

ದಿನಕ್ಕೆ ಏಳೂವರೆ ಸಾವಿರದ ವ್ಯಾಪಾರದಲ್ಲಿ ಬಾಡಿಗೆ, ಸಂಬಳ, ಸಾಲದ ಕಂತು ಹೊಂದುತ್ತಾ? ಹೊಂದದಿದ್ದರೆ ಎರಡನೇ ಅಂಗಡಿಗೆ ಅಡ್ವಾನ್ಸ್ ಕೊಡೋ ಮೊದಲು ಇನ್ನೊಂದು ತಿಂಗಳ ಗಲ್ಲಾಪೆಟ್ಟಿಗೆ ಲೆಕ್ಕ ಬರೆದಿಡಿ ಅಂತೀನಿ ನಾನು.