ಗೇಡಿ ಊರಿನ ಅಪ್ಪ ಅಮ್ಮ

ಆಫ್ರಿಕಾದ ಕೀನ್ಯಾದಲ್ಲಿ ಗೇಡಿ ಅಂತ ಒಂದು ಊರಿದೆ. ಹೆಸರು ಕೇಳಿ ನಗಬೇಡಿ, ಬೋರ್ಡ್ ಓದಿದಾಗ ನಾನೂ ನಕ್ಕಿದ್ದೆ. ಲಜ್ಜೆಗೇಡಿ, ಮಾನಗೇಡಿ ಅಂತ ಬೈಸಿಕೊಂಡು ಬೆಳೆದವರಿಗೆ ಇನ್ನೇನು ನೆನಪಾಗಬೇಕು ಹೇಳಿ! 2024ರ ಜುಲೈನಲ್ಲಿ ದೆಹಲಿಯಲ್ಲಿ ನಡೆದ ಯುನೆಸ್ಕೋ ಸಭೆ ಈ ಗೇಡಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸುದ್ದಿ ಓದಿದಾಗಿನಿಂದ, ಅಲ್ಲಿ ನಾನು ಕೇಳಿದ್ದ ಒಂದು ಪೆದ್ದು ಪ್ರಶ್ನೆ ತಲೆ ಕೊರೆಯುತ್ತಿದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ.

ಹತ್ತು ವರ್ಷಕ್ಕೂ ಹಿಂದಿನ ಮಾತು. ಕೆಲಸದ ಮೇಲೆ ಮೂರು ತಿಂಗಳು ಮೊಂಬಾಸಾದಲ್ಲಿದ್ದೆ. ಒಂದು ಭಾನುವಾರ ಮಾಡಲು ಕೆಲಸವಿಲ್ಲದೆ ಮಟಾಟು ಹತ್ತಿದೆ. ಮಟಾಟು ಅಂದರೆ ನಮ್ಮೂರ ಟೆಂಪೋ ಥರ, ಇನ್ನೊಬ್ಬರಿಗೆ ಜಾಗ ಇದ್ದೇ ಇರುತ್ತದೆ. ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ಹೋಗಿ ಇಳಿದು, ಸ್ವಲ್ಪ ನಡೆದರೆ ಕಾಡು. ಕಾಡಿನೊಳಗೆ ಒಂದು ಇಡೀ ಪಟ್ಟಣ! ಮಸೀದಿ, ಅರಮನೆ, ಬಾವಿ, ಕಲ್ಲಿನ ಮನೆಗಳು, ಮನೆಯೊಳಗೇ ಕಕ್ಕಸು. ಗೋಡೆಗಳ ಮೇಲೆ ಮರಗಳು ಬೇರು ಇಳಿಬಿಟ್ಟು ಕೂತಿವೆ. ಒಂದು ಗೋರಿಯ ಮೇಲೆ ಹಿಜರಿ 802 ಅಂತ ಕೆತ್ತಿದ್ದಾರೆ, ಅಂದರೆ ನಮ್ಮ ಲೆಕ್ಕದಲ್ಲಿ 1399. ಹದಿನೇಳನೇ ಶತಮಾನದ ಹೊತ್ತಿಗೆ ಜನ ಊರು ಬಿಟ್ಟು ಹೋಗಿದ್ದರು. ಅಗೆದಾಗ ಸಿಕ್ಕ ಸಾಮಾನಿನ ಮೇಲೆ ಮನೆಗಳಿಗೆ ಹೆಸರಿಟ್ಟಿದ್ದಾರೆ: ಕತ್ತರಿ ಮನೆ, ಪಿಂಗಾಣಿ ಬಟ್ಟಲಿನ ಮನೆ, ಕಬ್ಬಿಣದ ದೀಪದ ಮನೆ. ಆ ದೀಪ ನಮ್ಮ ಭಾರತದ್ದಂತೆ, ಪಿಂಗಾಣಿ ಚೀನಾದ್ದು.

ತೋರಿಸುತ್ತಿದ್ದವರು ಅರವತ್ತು ದಾಟಿದ ಒಬ್ಬರು ಗಿರಿಯಾಮಾ ಜನಾಂಗದವರು. ಹಿರಿಯರನ್ನು ಅಲ್ಲಿ 'ಮ್ಝೇ' ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಅರ್ಧ ಗಂಟೆ ನೋಡಿದ ಮೇಲೆ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಮ್ಝೇ, ಇದನ್ನ ಯಾವ ದೇಶದವರು ಬಂದು ಕಟ್ಟಿದ್ದು? ಅರಬರಾ?"

ಅವರು ನನ್ನ ಮುಖ ನೋಡಿ, "ನಿಮ್ಮೂರು ಯಾವುದು?" ಅಂದರು. ಭಾರತದ ಪಡುವಣ ಕರಾವಳಿ, ಹೊನ್ನಾವರ ಅಂತ ಒಂದು ಊರು ಅಂದೆ. "ಅಲ್ಲಿ ಹಳೇ ಗುಡಿ ಇದೆಯಾ? ಅದನ್ನ ನೋಡಿದವರು ಯಾವ ದೇಶದವರು ಕಟ್ಟಿದ್ದು ಅಂತ ಕೇಳ್ತಾರಾ?"

ಮಾನಗೇಡಿ ಯಾರು ಅಂತ ಆವಾಗ ಗೊತ್ತಾಯಿತು.

ಪಾಪ, ಅವರು ಸಿಟ್ಟಾಗಲಿಲ್ಲ. "ನಮಗೂ ಶಾಲೆಯಲ್ಲಿ ಅರಬರು ಅಂತಲೇ ಕಲಿಸಿದ್ದು" ಅಂದರು. ಆಮೇಲೆ ಓದಿದಾಗ ತಿಳಿಯಿತು, 1948ರಿಂದ ಇಲ್ಲಿ ಅಗೆತ ಮಾಡಿಸಿದ ಜೇಮ್ಸ್ ಕರ್ಕ್‌ಮನ್ 1954ರಲ್ಲಿ ಬರೆದ ಪುಸ್ತಕದ ಹೆಸರಲ್ಲೇ 'ಅರಬ್ ನಗರ' ಅಂತಿದೆ. ಕಲ್ಲಿನ ಕಟ್ಟಡ ಅಂದರೆ ಹೊರಗಿನವರದ್ದೇ ಅನ್ನೋದು ಆ ಕಾಲದ ಬಿಳಿಯರಿಗೆ ಪ್ರಶ್ನೆಯೇ ಆಗಿರಲಿಲ್ಲ.

ಆದರೆ ಗೋಡೆ ಬೇರೆಯೇ ಹೇಳುತ್ತದೆ. ಕಲ್ಲು ಅದೇ ಕಡಲಿನ ಹವಳದ ಕಲ್ಲು, ಸುಣ್ಣವೂ ಹವಳ ಸುಟ್ಟು ಮಾಡಿದ್ದು. ನಮ್ಮ ಕಡೆ ಚಿಪ್ಪು ಸುಡುತ್ತಿದ್ದರಲ್ಲ, ಹಾಗೆ. ಕೋಣೆಗಳೆಲ್ಲ ಉದ್ದಕ್ಕಿದ್ದರೂ ಅಗಲ ಕಮ್ಮಿ. ಯಾಕೆಂದರೆ ಸೂರಿಗೆ ಹಾಕುತ್ತಿದ್ದುದು ಕಾಂಡ್ಲಾ ಮರದ ತೊಲೆ, ತೊಲೆ ಮುಟ್ಟುವಷ್ಟೇ ಕೋಣೆ. ತಮಾಷೆ ಅಂದರೆ ಇದೇ ತೊಲೆಗಳು ಹಡಗು ಹತ್ತಿ ಪರ್ಷಿಯನ್ ಕೊಲ್ಲಿಯ ಊರುಗಳಿಗೆ ಹೋಗುತ್ತಿದ್ದವು. ಕಟ್ಟಡ ಕಲಿಸಲು ಬಂದರು ಅನ್ನಿಸಿಕೊಂಡವರ ಮನೆಯ ಸೂರಿಗೇ ಇಲ್ಲಿಂದ ಮರ!

ಇನ್ನೂ ಉತ್ತರದ ಪಾಟೆ ದ್ವೀಪದಲ್ಲಿ ಶಾಂಗಾ ಅಂತ ಹಾಳೂರಿದೆ. 1980ರ ದಶಕದಲ್ಲಿ ಮಾರ್ಕ್ ಹಾರ್ಟನ್ ಅಲ್ಲಿ ಅಗೆದಾಗ ಒಂದರ ಕೆಳಗೊಂದು ಮಸೀದಿ ಸಿಕ್ಕವು. ಮೇಲಿನದು ಕಲ್ಲಿನದು, ತೀರಾ ಕೆಳಗಿನದು ಎಂಟನೇ ಶತಮಾನದ, ಮರದ ಕಂಬ ನೆಟ್ಟು ಕಟ್ಟಿದ ಪುಟ್ಟ ಗುಡಿಸಲು. ಹಡಗಿನಿಂದ ಇಳಿಸಿದ ಊರಲ್ಲ ಅದು, ನಿಧಾನಕ್ಕೆ ಬೆಳೆದ ಊರು. ಅವರ ಸ್ವಾಹಿಲಿಯೂ ಅಷ್ಟೇ. ಅರಬ್ಬಿ ಪದಗಳು ಬೇಕಾದಷ್ಟಿದ್ದರೂ ಮೂಲದಲ್ಲಿ ಆಫ್ರಿಕಾದ ಬಾಂಟು ಭಾಷೆ.

ಸರಿ, ಅಲ್ಲಿಗೆ ಮ್ಝೇ ಗೆದ್ದರು ಅಂದುಕೊಂಡೆ. ಆದರೆ ಇನ್ನೊಂದು ತೊಡಕಿತ್ತು. ಈಗಿನ ಟಾಂಜಾನಿಯಾದಲ್ಲಿರುವ ಕಿಲ್ವಾ ದ್ವೀಪದ ಹಳೇ ಚರಿತ್ರೆಯೊಂದಿದೆ, 1552ರಲ್ಲಿ ಪೋರ್ಚುಗೀಸರ ಬಾರೋಸ್ ಕೂಡ ಅದನ್ನು ಬರೆದಿಟ್ಟಿದ್ದಾನೆ. ಶಿರಾಜಿನ ರಾಜಮನೆತನದ ಅಲಿ ಎಂಬವನು ಬಂದು ಅಲ್ಲಿ ರಾಜನಾದನಂತೆ. ದ್ವೀಪದ ಸುತ್ತಳತೆಯಷ್ಟು ಬಟ್ಟೆ ಕೊಟ್ಟು ದ್ವೀಪ ಕೊಂಡ ಅಂತಲೂ ಕಥೆಯಿದೆ. ಹೊರಗಿನವರು ಕಟ್ಟಿದ ಕಥೆಯಲ್ಲ ಇದು, ಅಲ್ಲಿನ ದೊಡ್ಡ ಮನೆಗಳವರು ತಾವೇ ಹೇಳಿಕೊಂಡು ಬಂದದ್ದು. ಬರೀ ಜಂಬ ಅಂತ ಎಷ್ಟೋ ವಿದ್ವಾಂಸರು ತಳ್ಳಿಹಾಕಿದ್ದರು.

2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಹಳೇ ಮೂಳೆಗಳ ಡಿಎನ್ಎ ವರದಿ ಬಂತು. ಗೇಡಿಯದಲ್ಲ, ಮೊಂಬಾಸಾ ಪಕ್ಕದ ಮ್ಟ್ವಾಪಾ, ಕಿಲ್ವಾ ಮುಂತಾದ ಕಡೆಯ 80 ಜನರದ್ದು. ಕರಾವಳಿ ಊರುಗಳ ಹಲವರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಆಫ್ರಿಕಾದ್ದು, ಅದು ಬಂದದ್ದು ಹೆಚ್ಚಾಗಿ ಹೆಂಗಸರಿಂದ. ಏಷ್ಯಾದ ಪಾಲೂ ದೊಡ್ಡದೇ, ಅದರಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಪರ್ಷಿಯಾದ ಗಂಡಸರದ್ದು. ಸ್ವಲ್ಪ ಭಾರತದ್ದೂ ಇದೆ! ಈ ಬೆರಕೆ ಶುರುವಾದದ್ದು ಕ್ರಿ.ಶ. 1000ದ ಸುಮಾರಿಗೆ. ಅಂದರೆ ಕಿಲ್ವಾದ ಕಥೆ ಪೂರ್ತಿ ಸುಳ್ಳಲ್ಲ. ಅದು ಅಪ್ಪನ ಹೆಸರು ಬರೆದಿಟ್ಟಿತು, ಅಷ್ಟೇ. ಅಮ್ಮ ಎಲ್ಲಿ ಹೋದಳು? ಮಕ್ಕಳ ನಾಲಿಗೆಯಲ್ಲಿ ಉಳಿದಳು.

ಇದನ್ನು ಓದಿ ನನಗೆ ನಮ್ಮಜ್ಜನ ನೆನಪಾಯಿತು. ಸಂಜೆ ಜಗಲಿ ಮೇಲೆ ಕವಳ ಹಾಕುತ್ತ, "ನಾವು ಇಲ್ಲಿಯವರಲ್ಲ ತಮಾ, ಮಯೂರವರ್ಮ ಅಹಿಚ್ಛತ್ರದಿಂದ ಕರೆಸಿದ್ದು" ಅನ್ನುತ್ತಿದ್ದರು. ನಾನು ಎದೆಯುಬ್ಬಿಸಿ ಕೇಳುತ್ತಿದ್ದೆ. ಒಳಗೆ ಅಜ್ಜಿ ಹಲಸಿನ ಎಲೆಯಲ್ಲಿ ಕೊಟ್ಟೆ ಕಟ್ಟುತ್ತಿದ್ದರು. ಕರೆಸಿದವರ ಜತೆ ಅಜ್ಜಿಯಂದಿರೂ ಬಂದರಾ, ಇಲ್ಲೇ ಇದ್ದರಾ ಅಂತ ಒಂದು ದಿನವೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಇಬ್ಬರೂ ಇಲ್ಲ.

ಹೊರಡುವಾಗ ಮ್ಝೇ ಒಂದು ಮಾತು ಹೇಳಿದ್ದರು, "ದೂರದವರು ಬಂದಿರಬಹುದು, ಬೇಡ ಅನ್ನೋಲ್ಲ. ಬಂದವರಿಗೆ ಅನ್ನ ಹಾಕಿದವರೂ ಇದ್ದರಲ್ಲ." ಆವತ್ತು ನಾನು ತಲೆಯಾಡಿಸಿ ಮಟಾಟು ಹಿಡಿಯಲು ಓಡಿದ್ದೆ. ಅರ್ಥ ಆಗಲು ಇಷ್ಟು ವರ್ಷ ಬೇಕಾಯಿತು ನೋಡಿ.

ಅದಿರಲಿ, ನಿಮ್ಮನೆ ಅಜ್ಜಿಯ ಕಡೆಯವರು ಎಲ್ಲಿಯವರು ಅಂತ ನಿಮಗೆ ಗೊತ್ತಾ? ಕೇಳಲು ಅಜ್ಜಿ ಇದ್ದರೆ ಇವತ್ತೇ ಕೇಳಿ.